ಚಾಲೂ ಐತಿ, ಏನೂ ಕಾಣಂಗಿಲ್ಲ

ಪೂರ್ತಿ ಕೆಟ್ಟುಹೋದ ವಸ್ತುಗಳ ಬಗ್ಗೆ ನನಗೆ ಒಂದು ಬಗೆಯ ಗೌರವವಿದೆ. ನಿಂತುಹೋದ ಗಡಿಯಾರ, ದನಿ ಬಿಟ್ಟ ರೇಡಿಯೋ, ತಳ ಕಿತ್ತ ಬಕೆಟ್ಟು, ಇವು ಮನುಷ್ಯನಿಗೆ ಮೋಸ ಮಾಡುವುದಿಲ್ಲ. ನಮ್ಮದು ಮುಗಿಯಿತು, ನೀವು ಬೇರೆ ದಾರಿ ನೋಡಿಕೊಳ್ಳಿ ಎಂದು ನೇರವಾಗಿ ಹೇಳಿಬಿಡುತ್ತವೆ. ನಾವೂ ಎರಡು ದಿನ ಮರುಗಿ, ಮೂರನೆಯ ದಿನ ಅಟ್ಟಕ್ಕೆ ಸೇರಿಸಿ ಮರೆತುಬಿಡುತ್ತೇವೆ. ಜೀವ ಹಿಂಡುವವು ಅರ್ಧ ಕೆಟ್ಟ ವಸ್ತುಗಳು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಒಳಗೆ ಏನೋ ಗುರುಗುಟ್ಟುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಯಾವುದಕ್ಕಾಗಿ ಅದನ್ನು ಮನೆಗೆ ತಂದೆವೋ ಅದೊಂದು ಮಾತ್ರ ಆಗುವುದಿಲ್ಲ. ಅಂಥದ್ದನ್ನು ಅಟ್ಟಕ್ಕೆ ಹಾಕಲು ಮನಸ್ಸು ಬರುವುದಿಲ್ಲ, ಮೇಜಿನ ಮೇಲೆ ನೋಡುತ್ತ ಕೂರಲು ಕರುಳು ಒಪ್ಪುವುದಿಲ್ಲ. ಅದು ದಿನಾ ಬೆಳಿಗ್ಗೆ ಹೊಸದಾಗಿ ಆಸೆ ಹುಟ್ಟಿಸುತ್ತದೆ. ತೊಂಬತ್ತರ ದಶಕದ ನಡುವೆ, ದ್ರಾಕ್ಷಿಯ ಸುಗ್ಗಿ ಶುರುವಾಗುವ ಹೊತ್ತಿಗೆ, ನಾನು ಇಂಥದ್ದೊಂದು ವಸ್ತುವನ್ನು ನನ್ನ ಕೈಯಾರೆ ಜೋಡಿಸಿದೆ. ಅದನ್ನು ಕಂಪ್ಯೂಟರ್ ಎಂದು ಕರೆಯಬೇಕೆಂದು ನನ್ನ ಆಸೆಯಿತ್ತು. ಮನೆಯಲ್ಲಿ ಉಳಿದವರೆಲ್ಲ ಅದನ್ನು 'ಆ ಪೆಟಗಿ' ಎನ್ನುತ್ತಿದ್ದರು.

ಆಗ ನಾನು ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಹೆಂಡತಿ ಶಕುಂತಲಾ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದಳು. ಹಿತ್ತಲಿಗೆ ಹೊಂದಿಕೊಂಡು ತಂಬಾಕು ತುಂಬಿಡುವ ವಖಾರ, ಮುಂಬಾಗಿಲಿಗೆ ಹೊಂದಿಕೊಂಡು ಒಂಬತ್ತು ಟೈಪ್‌ರೈಟರು. ಹಿಂದಿನಿಂದ ಘಾಟು, ಮುಂದಿನಿಂದ ಸಪ್ಪಳ. ಈ ಎರಡರ ನಡುವೆ ಕೂತು ನಾನು ಸೀನುತ್ತ ಸೀನುತ್ತ ಎಷ್ಟೋ ಸಾವಿರ ಉತ್ತರಪತ್ರಿಕೆ ತಿದ್ದಿದ್ದೇನೆ. ಆ ಒಂಬತ್ತು ಯಂತ್ರಗಳನ್ನು ರಿಪೇರಿ ಮಾಡುವವಳೂ ಅವಳೇ. ಕಂಪನಿಯ ಮೆಕ್ಯಾನಿಕ್ ಬೆಳಗಾವಿಯಿಂದ ಬರುವ ತನಕ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಒಂದು ಚಿಕ್ಕ ಡಬ್ಬಿಯಲ್ಲಿ ಎಣ್ಣೆ, ಬ್ರಷ್ಷು, ಅಕ್ಷರಗಳ ಹೊಟ್ಟೆಯೊಳಗೆ ಕೂತ ಮಸಿ ಕೀಳಲು ಒಂದು ಸೂಜಿ ಇಟ್ಟುಕೊಂಡು, ಸೆರಗು ಸಿಕ್ಕಿಸಿ ಕೂತಳೆಂದರೆ ಅರ್ಧ ತಾಸಿನಲ್ಲಿ ಎಂಥ ಮೊಂಡು ಯಂತ್ರವೂ ಬಾಯಿ ಬಿಡುತ್ತಿತ್ತು. ಹೀಗಾಗಿ ನಮ್ಮ ಸಂಸಾರದಲ್ಲಿ ಭೌತಶಾಸ್ತ್ರ ನನ್ನದು, ಸ್ಕ್ರೂಡ್ರೈವರ್ ಅವಳದು ಎಂಬ ಒಪ್ಪಂದ ತಾನಾಗಿಯೇ ಆಗಿತ್ತು. ಆ ಒಪ್ಪಂದವನ್ನು ನಾನು ಮುರಿದದ್ದರಿಂದಲೇ ಇಷ್ಟೆಲ್ಲ ಆಯಿತು.

ಅವಳ ಹತ್ತಿರ ಕಲಿಯಲು ಕೊಗನೊಳ್ಳಿಯಿಂದ ಸಾವಿತ್ರಿ ಕಾಂಬಳೆ ಎಂಬ ಹುಡುಗಿ ಬರುತ್ತಿದ್ದಳು. ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು. ಇವಳು ಬಿ.ಎ. ಮುಗಿಸಿ, ದಿನಾ ಬಸ್ಸಿನಲ್ಲಿ ಬಂದು, ಟೈಪಿಂಗಿನ ಎರಡೂ ಪರೀಕ್ಷೆ ಪಾಸು ಮಾಡಿದ್ದಳು. ಮಾತು ಕಡಿಮೆ, ಬೆರಳು ಚುರುಕು. ಅವಳು ಟೈಪ್ ಮಾಡುವಾಗ ಕಣ್ಣು ಕಾಗದದ ಮೇಲಿದ್ದರೆ ಕಾಗದದ ಮೇಲೇ. ಬೆರಳುಗಳಿಗೆ ಬೇರೆಯೇ ಕಣ್ಣಿದ್ದಂತೆ ಕಾಣುತ್ತಿತ್ತು. ಒಂದು ದಿನ ಅವಳಿಗೆ ಶಿರಗುಪ್ಪಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಟೈಪಿಸ್ಟ್ ಕೆಲಸಕ್ಕೆ ಕರೆ ಬಂತು. ಪತ್ರದ ಕೊನೆಯ ಸಾಲಿನಲ್ಲಿ, ಪರೀಕ್ಷೆ ಕಂಪ್ಯೂಟರಿನ ಮೇಲೆ ನಡೆಯುತ್ತದೆ ಎಂದಿತ್ತು. ಪರೀಕ್ಷೆಗೆ ಉಳಿದಿದ್ದು ಮೂರು ವಾರ. ಕಂಪ್ಯೂಟರನ್ನು ಅವಳು ದೂರದಿಂದಲೂ ನೋಡಿರಲಿಲ್ಲ. ಪತ್ರವನ್ನು ಶಕುಂತಲಾಳ ಕೈಗೆ ಕೊಟ್ಟು, ತಾನು ಹೋಗುವುದಿಲ್ಲವೆಂದು ಅಷ್ಟೇ ಶಾಂತವಾಗಿ ಹೇಳಿ ತನ್ನ ಟೈಪ್‌ರೈಟರಿನ ಮುಂದೆ ಕೂತಳು. ಅಂದು ಅವಳು ಹೊಡೆದ ಪುಟದಲ್ಲಿ ಏಳು ತಪ್ಪಿದ್ದವು. ಶಕುಂತಲಾ ಆ ಪುಟವನ್ನು ನನಗೆ ತೋರಿಸಿ, ಒಂದು ಕಂಪ್ಯೂಟರ್ ತರೋಣ, ಹೇಗೂ ಇನ್ನು ಮುಂದೆ ಟೈಪ್‌ರೈಟರ್ ಕಲಿಯಲು ಯಾರೂ ಬರುವುದಿಲ್ಲ, ಕೊಲ್ಲಾಪುರದಲ್ಲಿ ತಯಾರಾದದ್ದೇ ಸಿಗುತ್ತದಂತೆ ಎಂದಳು.

ತಯಾರಾದದ್ದು ಎಂಬ ಮಾತು ನನ್ನ ಎದೆಗೆ ನಾಟಿತು. ಅದೇ ತಿಂಗಳು ಯಾವುದೋ ಪತ್ರಿಕೆಯಲ್ಲಿ, ಬಿಡಿಭಾಗ ತಂದು ಯಾರು ಬೇಕಾದರೂ ಮನೆಯಲ್ಲೇ ಕಂಪ್ಯೂಟರ್ ಜೋಡಿಸಬಹುದೆಂಬ ಲೇಖನ ಓದಿದ್ದೆ. ಯಾರು ಬೇಕಾದರೂ ಎಂದ ಮೇಲೆ ಅದರಲ್ಲಿ ಭೌತಶಾಸ್ತ್ರದ ಉಪನ್ಯಾಸಕರೂ ಬರುತ್ತಾರೆಂದು ನಾನು ತಿಳಿದದ್ದು ಸಹಜ. ಶಕುಂತಲಾಳ ತಂದೆ ಐನಾಪುರದವರು. ಕಬ್ಬು, ದ್ರಾಕ್ಷಿ ಬೆಳೆಯುವ ಮನೆತನ. ಅವರ ಜೀಪು ಆ ವಾರ ದ್ರಾಕ್ಷಿ ಇಳಿಸಲು ಕೊಲ್ಲಾಪುರಕ್ಕೆ ಹೊರಟಿತ್ತು. ಅದರಲ್ಲಿ ನಾನೂ ಹೋದೆ. ಅಂಗಡಿಯವನು ತಾನೇ ಜೋಡಿಸಿ ಕೊಡುತ್ತೇನೆ ಎಂದ. ನಾನು ಬೇಡವೆಂದೆ. ನನ್ನ ವೃತ್ತಿಯನ್ನೂ ತಿಳಿಸಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಒಂದೊಂದೇ ಸಾಮಾನನ್ನು ರಟ್ಟಿನ ಡಬ್ಬಿಗಳಿಗೆ ತುಂಬಿ ಕೊಟ್ಟ. ಖಾಲಿ ದ್ರಾಕ್ಷಿ ಬುಟ್ಟಿಗಳ ನಡುವೆ ಅವನ್ನೆಲ್ಲ ಇಟ್ಟುಕೊಂಡು, ಕಪ್ಪುಬಿಳುಪಿನ ಮಾನಿಟರನ್ನು ತೊಡೆಯ ಮೇಲೆ ಹೊತ್ತು ನಾನು ನಿಪ್ಪಾಣಿಗೆ ಬಂದೆ.

ಜೋಡಿಸಲು ಒಂದು ಪೂರ್ತಿ ಭಾನುವಾರ ಹಿಡಿಯಿತು. ಶಕುಂತಲಾ ಎರಡು ಸಲ ಬಂದು, ನಾನು ಹಿಡಿಯಲೇನು ಎಂದು ಕೇಳಿದಳು. ಇದು ಟೈಪ್‌ರೈಟರ್ ಅಲ್ಲ, ಸೂಕ್ಷ್ಮ ವಸ್ತು ಎಂದು ಹೇಳಿ ಕಳಿಸಿದೆ. ಮರುದಿನ ಪೂಜೆ. ಮಾವನವರು ಐನಾಪುರದಿಂದ ಹೊಸ ಧೋತರ ಉಟ್ಟು, ಒಂದು ಬುಟ್ಟಿ ದ್ರಾಕ್ಷಿ ತೆಗೆದುಕೊಂಡು ಬಂದರು. ಟೈಪಿಂಗ್ ಕ್ಲಾಸಿನ ಹುಡುಗಿಯರು ಗೋಡೆಗುಂಟ ನಿಂತರು. ಸಾವಿತ್ರಿ ಎಲ್ಲರಿಗಿಂತ ಮುಂದೆ. ಮಾನಿಟರಿನ ಹಣೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನಾನು ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಹಸಿರು ದೀಪ ಹತ್ತಿತು. ಕೆಂಪು ದೀಪ ಒಮ್ಮೆ ಮಿಣುಕಿತು. ಎಲ್ಲರೂ ಪರದೆಯ ಕಡೆ ನೋಡಿದರು. ಪರದೆ ಕಪ್ಪಗೆ ಎಲ್ಲರ ಕಡೆ ನೋಡಿತು. ಅದರಲ್ಲಿ ಕಾಣುತ್ತಿದ್ದದ್ದು ಕುಂಕುಮದ ಕೆಳಗೆ ಬಾಯಿ ಅರ್ಧ ತೆರೆದ ನನ್ನ ಪ್ರತಿಬಿಂಬ ಮಾತ್ರ.

ಸ್ವಲ್ಪ ಹೊತ್ತು ಕಾಯಬೇಕು ಎಂದೆ. ಕಾದರು. ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಕಾದರು. ಹುಡುಗಿಯರಲ್ಲಿ ಯಾರೋ ಕಿಸಕ್ಕನೆ ನಕ್ಕು, ಶಕುಂತಲಾ ತಿರುಗಿ ನೋಡಿದ್ದಕ್ಕೆ ಸುಮ್ಮನಾದಳು. ಮಾವನವರು ಮಾತ್ರ ಅರ್ಧ ತಾಸು ಆ ಕರಿ ಗಾಜಿನ ಮುಂದೆ ಕೈಕಟ್ಟಿ ಭಕ್ತಿಯಿಂದ ಕೂತಿದ್ದರು. ಕಂಪ್ಯೂಟರ್ ಎಂದರೆ ಇಷ್ಟೇ ಇರಬೇಕು ಎಂದು ಅವರು ತಿಳಿದಿದ್ದರೋ, ಅಳಿಯನ ಮರ್ಯಾದೆ ಕಾಯಲು ಕೂತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಏಳುವಾಗ ಹೇಳಿದರು: "ಮೋಟಾರ ಚಾಲೂ ಆಗೇತ್ರಿ ಅಳಿಯಂದ್ರ, ನೀರ ಬಂದಿಲ್ಲ. ನಮ್ಮ ಬಾವಿಗಿ ಹಿಂಗಾದ್ರ ನಾವು ಮೋಟಾರ ಬಿಚ್ಚಂಗಿಲ್ಲ, ಮೊದಲ ಪೈಪ ನೋಡತೀವಿ." ಎಲೆಕ್ಟ್ರಾನಿಕ್ಸನ್ನು ಬಾವಿಯ ಮೋಟಾರಿಗೆ ಹೋಲಿಸಿದ ಅವರ ಮುಗ್ಧತೆಗೆ ನಾನು ಒಳಗೊಳಗೇ ನಕ್ಕೆ. ಆ ತಿಂಗಳಲ್ಲಿ ನಾನು ನಕ್ಕದ್ದು ಅದೇ ಕೊನೆ.

ಮರುದಿನದಿಂದ ಬಿಚ್ಚುವುದು, ಜೋಡಿಸುವುದು. ಮೆಮೊರಿಯ ಪಟ್ಟಿ ತೆಗೆದು ಊದಿ ಹಾಕಿದೆ. ಕಾರ್ಡು ಕಿತ್ತು ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದೆ. ಪ್ರತಿ ಸಲ ಜೋಡಿಸಿದಾಗಲೂ ಒಂದು ಸ್ಕ್ರೂ ಉಳಿಯುತ್ತಿತ್ತು. ಪ್ರತಿ ಸಲವೂ ಅದು ಬೇರೆ ಸ್ಕ್ರೂ. ಫ್ಯಾನು ಮಾತ್ರ ತಪ್ಪದೆ ತಿರುಗುತ್ತಿತ್ತು. ಮೂರನೆಯ ದಿನ ಸೋತು, ಪೆಟ್ಟಿಗೆಯನ್ನು ಒಂದು ಹಳೆಯ ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೊಲ್ಲಾಪುರದ ಬಸ್ಸು ಹತ್ತಿದೆ. ಗಾಜಿನ ಮಾನಿಟರು ಈ ರಸ್ತೆಯ ಕುಲುಕಾಟಕ್ಕೆ ಒಡೆದೀತೆಂದು ಅದನ್ನು ಮನೆಯಲ್ಲೇ ಬಿಟ್ಟೆ.

ನಮ್ಮ ಕಡೆಯವರು ಕೊಲ್ಲಾಪುರಕ್ಕೆ ಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ: ದೇವಿಯ ದರ್ಶನ, ಇಲ್ಲವೇ ದೊಡ್ಡ ದವಾಖಾನೆ. ಪಕ್ಕದಲ್ಲಿ ಕೂತ ಮುದುಕಿ ನನ್ನ ಮುಖವನ್ನೂ ತೊಡೆಯ ಮೇಲಿನ ಕೌದಿಯನ್ನೂ ನೋಡಿ ದೇವಿಯ ದರ್ಶನವಲ್ಲವೆಂದು ತೀರ್ಮಾನಿಸಿದಳು. ಕೊಗನೊಳ್ಳಿ ದಾಟುವವರೆಗೆ ತಡೆದುಕೊಂಡಿದ್ದು, ಆಮೇಲೆ ಮೆಲ್ಲಗೆ, ಎಷ್ಟು ದಿನದಿಂದ ಆರಾಮಿಲ್ಲ ಎಂದು ಕೇಳಿದಳು. ನಾಲ್ಕು ದಿನ ಎಂದೆ. ಏನಾಗಿದೆ ಎಂದಳು. ಉಸಿರಾಟ ಸರಿಯಿದೆ, ಕಣ್ಣು ಬಿಡುತ್ತಿಲ್ಲ ಎಂದೆ. ನಾನು ಸುಳ್ಳು ಹೇಳಲಿಲ್ಲ. ವಿವರಿಸುವ ತ್ರಾಣ ಇರಲಿಲ್ಲ ಅಷ್ಟೆ. ಅವಳು ಕೌದಿಯ ಮೇಲೆ ಕೈಯಿಟ್ಟು ಸವರಿ, ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಹಚ್ಚಿದಳು. ಅರಿಶಿನ ಹಚ್ಚಿಕೊಂಡ ಪೆಟ್ಟಿಗೆಯೊಂದಿಗೆ ನಾನು ಅಂಗಡಿಯ ಮೆಟ್ಟಿಲು ಹತ್ತಿದೆ.

ಅಂಗಡಿಯವನು ಪೆಟ್ಟಿಗೆಯನ್ನು ತನ್ನ ಮೇಜಿನ ಮೇಲಿಟ್ಟು, ತನ್ನ ಮಾನಿಟರಿನ ವಾಯರು ಸಿಕ್ಕಿಸಿ ಗುಂಡಿ ಒತ್ತಿದ. ಪರದೆಯ ತುಂಬ ಅಕ್ಷರಗಳು ಮಳೆಯ ಹುಳುಗಳಂತೆ ಎದ್ದವು. "ಚಾಲೂ ಆಹೆ ಕೀ ಸರ", ನಡೆಯುತ್ತಿದೆಯಲ್ಲ ಸರ್, ಎಂದ. ಅವನ ದನಿಯಲ್ಲಿ ಕರುಣೆಯಿತ್ತು. ಡಿಸ್ಕಿನೊಳಗೆ ಏನೇನು ತುಂಬಬೇಕೋ ಅದನ್ನೆಲ್ಲ ತುಂಬಿ, ಹುಡುಗಿಯರಿಗೆ ಗೊಂದಲ ಆಗದಿರಲೆಂದು, ಗುಂಡಿ ಒತ್ತಿದ ಕೂಡಲೇ ನೇರವಾಗಿ ಪತ್ರ ಬರೆಯುವ ಪ್ರೋಗ್ರಾಮ್ ತೆರೆಯುವಂತೆ ಮಾಡಿಕೊಟ್ಟ. ಯಾವ ಕೀಲಿ ಒತ್ತಿದರೆ ಏನಾಗುತ್ತದೆಂದು ಒಂದು ಹಾಳೆಯನ್ನೂ ಕೊಟ್ಟ. ನಾನು ಬಸ್ಸಿನಲ್ಲಿ ಬರುವಾಗ ಆ ಹಾಳೆಯನ್ನು ಹತ್ತು ಸಲ ಓದಿದೆ. ಮನೆಗೆ ಬಂದು, ಶಕುಂತಲಾಳನ್ನೂ ಸಾವಿತ್ರಿಯನ್ನೂ ಕರೆದು ನಿಲ್ಲಿಸಿ, ನಮ್ಮ ಮಾನಿಟರಿಗೆ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ದೀಪ ಹತ್ತಿತು. ಪರದೆಯಲ್ಲಿ ನಾನೇ ಇದ್ದೆ.

ಓದುಗರಿಗೆ ಇಷ್ಟು ಹೊತ್ತಿಗೆ ಒಂದು ಅನುಮಾನ ಬಂದಿರುತ್ತದೆ. ಅದು ನನಗೂ ಬಂದಿತ್ತು ಎಂದು ಹೇಳಿಕೊಳ್ಳುತ್ತೇನೆ. ಆದ್ದರಿಂದಲೇ ನಮ್ಮ ಓಣಿಯ ದಸ್ತಗೀರ ಮಿಸ್ತ್ರಿಯನ್ನು ಕರೆಸಿದೆ. ರೇಡಿಯೋ, ಟಿ.ವಿ. ರಿಪೇರಿಯಲ್ಲಿ ನಿಪ್ಪಾಣಿಗೇ ಹೆಸರಾದ ಮನುಷ್ಯ. ಅವನು ಮಾನಿಟರಿನ ಹಿಂಬದಿಗೆ ಕಿವಿ ಹಚ್ಚಿ ಕೇಳಿದ. ಜಾಳಿಗೆಯೊಳಗೆ ಇಣುಕಿ ನೋಡಿದ. ಬೆಳಕಿನ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಪರದೆಯ ಮೇಲೆ ಬೂದಿ ಬಣ್ಣದ ಒಂದು ಮಸುಕು ಹರಡಿತು. ಟ್ಯೂಬಿಗೆ ಜೀವವಿದೆ, ಮಾನಿಟರಿನಲ್ಲಿ ಏನೂ ತಪ್ಪಿಲ್ಲ, ಪೆಟ್ಟಿಗೆಯಿಂದ ಚಿತ್ರ ಬರುತ್ತಿಲ್ಲ ಎಂದು ತೀರ್ಪು ಕೊಟ್ಟು ಚಹಾ ಕುಡಿದು ಹೋದ. ಕೊಲ್ಲಾಪುರದವನ ಪ್ರಕಾರ ಪೆಟ್ಟಿಗೆಯಲ್ಲಿ ತಪ್ಪಿಲ್ಲ. ಮಿಸ್ತ್ರಿಯ ಪ್ರಕಾರ ಮಾನಿಟರಿನಲ್ಲಿ ತಪ್ಪಿಲ್ಲ. ಎರಡೂ ಕಡೆ ತಪ್ಪಿಲ್ಲವೆಂದ ಮೇಲೆ ಉಳಿದವನು ನಾನೊಬ್ಬನೇ.

ಎರಡನೆಯ ಸಲ ಕೌದಿ ಕಟ್ಟಿಕೊಂಡು ಹೋದಾಗ ಅಂಗಡಿಯವನು, ಮಾನಿಟರ್ ಬರೋಬರ್ ಇದೆಯಲ್ಲ ಸರ್ ಎಂದು ಕೇಳಿದ. ಅದನ್ನು ತಜ್ಞರಿಂದ ಪರೀಕ್ಷೆ ಮಾಡಿಸಿದ್ದೇನೆ ಎಂದು ನಾನು ತುಸು ಗಡುಸಾಗಿಯೇ ಹೇಳಿದೆ. ಪಾಪ, ಅವನು ಮತ್ತೆ ಕೇಳಲಿಲ್ಲ. ಅವನ ಮೇಜಿನ ಮೇಲೆ ಪೆಟ್ಟಿಗೆ ಮತ್ತೆ ಸಲೀಸಾಗಿ ನಡೆಯಿತು. ಪರರ ಮನೆಯಲ್ಲಿ ಚೊಕ್ಕವಾಗಿ ಮಾತಾಡಿ, ನಮ್ಮ ಮನೆಯಲ್ಲಿ ಮೂಕವಾಗುವ ಈ ಪೆಟ್ಟಿಗೆಯಿಂದ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಗತೊಡಗಿತು. ನಿಪ್ಪಾಣಿಯ ಕರೆಂಟಿಗೆ ದೋಷ ಹೊರಿಸಿದೆ. ತಂಬಾಕಿನ ಘಾಟಿಗೆ ಹೊರಿಸಿದೆ; ಎರಡು ದಿನ ಹಿತ್ತಲ ಬಾಗಿಲು ಮುಚ್ಚಿಸಿ ಎಲ್ಲರನ್ನೂ ಬೆವರಿಸಿದೆ. ಮೇಜಿನ ದಿಕ್ಕನ್ನು ಪೂರ್ವಕ್ಕೆ ತಿರುಗಿಸಿದೆ. ವಿಜ್ಞಾನ ಕಲಿಸುವವನು ದಿಕ್ಕು ಬದಲಿಸುವುದನ್ನು ಹೆಂಡತಿ ನೋಡಿ, ಮೇಜಿನ ಇನ್ನೊಂದು ತುದಿ ಹಿಡಿದು ನೆರವಾದಳು. ಆ ನೆರವು ಹೆಚ್ಚು ನೋಯಿಸಿತು.

ಇದೆಲ್ಲದರ ನಡುವೆ ಕಾಲೇಜಿನಲ್ಲಿ ನಾನು ಕಲಿಸಬೇಕಾಗಿದ್ದ ಪಾಠ ಯಾವುದು ಗೊತ್ತೇ? ಕ್ಯಾಥೋಡ್ ಕಿರಣದ ಕೊಳವೆ. ಅಂದರೆ, ಪರದೆಯ ಮೇಲೆ ಚಿತ್ರ ಮೂಡುವುದು ಹೇಗೆ. ಕರಿಹಲಗೆಯ ಮೇಲೆ ಎಲೆಕ್ಟ್ರಾನಿನ ಧಾರೆಯನ್ನು ಬಾಣದ ಗುರುತು ಹಾಕಿ ಎಳೆದು, ಅದು ಪರದೆಗೆ ತಾಗಿದ ಕಡೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟು, ಇಲ್ಲಿ ಬೆಳಕು ಕಾಣಿಸುತ್ತದೆ ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ಸರ್, ಮನೆಯಲ್ಲಿ ಕಾಣಿಸಿತೇನ್ರಿ ಎಂದು ಬಹಳ ವಿನಯದಿಂದ ಕೇಳಿದ. ಊರು ಅಷ್ಟು ಚಿಕ್ಕದು. ಆ ದಿನ ಪಾಠವನ್ನು ಹದಿನೈದು ನಿಮಿಷ ಮೊದಲೇ ಮುಗಿಸಿ ಬಂದೆ. ಪರೀಕ್ಷೆಗೆ ಇನ್ನು ಹತ್ತೇ ದಿನ ಇತ್ತು. ನಾನು ಸೋತದ್ದು ಒಂದು ಪೆಟ್ಟಿಗೆಯ ಎದುರು ಮಾತ್ರ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ದಿನಾ ಹತ್ತು ಗಂಟೆಗೆ ಸಾವಿತ್ರಿ ಬಂದು, ಬಾಗಿಲಲ್ಲೇ ನಿಂತು ಮೊದಲು ನನ್ನ ಮುಖವನ್ನು ನೋಡುತ್ತಿದ್ದಳು. ಮಾನಿಟರನ್ನು ಅವಳು ನೋಡುತ್ತಲೇ ಇರಲಿಲ್ಲ. ನನ್ನ ಮುಖದಲ್ಲೇ ಅವಳಿಗೆ ಎಲ್ಲ ಓದಲು ಬರುತ್ತಿತ್ತು.

ಸಾವಿತ್ರಿಗೆ ಪತ್ರ ಬಂದ ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಶಕುಂತಲಾಳ ಮುಂದೆ ಸೋಲೊಪ್ಪಿಕೊಂಡೆ. ನನ್ನಿಂದ ಆಗುವುದಿಲ್ಲ, ಆ ಹುಡುಗಿಗೆ ಆಸೆ ತೋರಿಸಿ ಕೆಡಿಸಿದೆ, ನೀನೇ ಅವಳಿಗೆ ಹೇಳಿಬಿಡು ಎಂದೆ. ಅವಳು ಗೋಧಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಗುಂಡಿ ಒತ್ತಿದ್ರ ಕೊಲ್ಲಾಪುರದಾಗ ಪತ್ರ ಬರಿಯೋದು ತಾನ ತೆರೀತಿತ್ತಲ್ರಿ?"

ಹೌದು ಎಂದೆ.

"ಇಲ್ಲಿ ಒತ್ತಿದಾಗ ಆ ಕೆಂಪು ದೀಪ ಅಲ್ಲಿಗತೆ ಮಿಣಕತೈತೋ ಇಲ್ಲೋ?"

ಮಿಣುಕುತ್ತದೆ, ಆದರೆ ಏನೂ ಕಾಣುವುದಿಲ್ಲವಲ್ಲ ಎಂದೆ.

"ಕಾಣೋದು ನಿಮಗ ಬೇಕ್ರಿ. ಟೈಪ ಮಾಡೋರಿಗಿ ಯಾಕ ಬೇಕು? ನಾ ಹುಡಿಗ್ಯಾರಿಗಿ ಮೊದಲನೇ ದಿನ ಹೇಳೋದ ಅದು, ನೋಡಬ್ಯಾಡ್ರಿ ಅಂತ."

ಅಂದೇ ಪಾಠ ಶುರುವಾಯಿತು. ಕೊಲ್ಲಾಪುರದವನ ಹಾಳೆಯನ್ನು ಶಕುಂತಲಾ ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿದಳು. ಸಾವಿತ್ರಿ ಗುಂಡಿ ಒತ್ತುವುದು, ಕೆಂಪು ದೀಪ ಮಿಣುಕಿ ನಿಲ್ಲುವ ತನಕ ಕಾಯುವುದು, ಆಮೇಲೆ ಡಿ ಕೀಲಿ, ಪತ್ರದ ಹೆಸರು, ಎಂಟರ್, ಪತ್ರ ಹೊಡೆಯುವುದು, ಮುಗಿದ ಮೇಲೆ ಕಂಟ್ರೋಲ್ ಒತ್ತಿ ಹಿಡಿದು ಕೆ, ಡಿ. ಕೆಂಪು ದೀಪ ಮತ್ತೆ ಮಿಣುಕಿದರೆ ಪತ್ರ ಒಳಗೆ ಹೋಯಿತು ಎಂದು ಲೆಕ್ಕ. ಶಕುಂತಲಾ ಹಿಂದೆ ನಿಂತು ಇಂಗ್ಲಿಷಿನ ವ್ಯವಹಾರ ಪತ್ರಗಳನ್ನು ಬಾಯಿಂದ ಹೇಳುವಳು. ಸಾವಿತ್ರಿ ಕರಿ ಗಾಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಬೆರಳು ಓಡಿಸುವಳು. ಹೊಸ ಕೀಲಿಮಣೆಯ ಮೆತ್ತನೆಯ ಸಪ್ಪಳ ಟೈಪ್‌ರೈಟರುಗಳ ಗದ್ದಲದಲ್ಲಿ ಕೇಳಿಸುತ್ತಲೂ ಇರಲಿಲ್ಲ. ನೋಡಿದವರಿಗೆ, ಇಬ್ಬರು ಹೆಂಗಸರು ಕೆಟ್ಟ ಟಿ.ವಿ.ಯೊಂದಕ್ಕೆ ಏನೋ ಹೇಳಿ ಒಪ್ಪಿಸಲು ಹೊರಟಂತೆ ಕಾಣುತ್ತಿತ್ತು. ನಾನು ಒಳಗಿನ ಕೋಣೆಯಿಂದ ಅದನ್ನು ನೋಡಲಾರದೆ ನೋಡುತ್ತಿದ್ದೆ. ಕಲಿಸುವವಳಿಗೆ ಕಂಪ್ಯೂಟರ್ ಗೊತ್ತಿಲ್ಲ, ಕಲಿಯುವವಳಿಗೆ ಏನೂ ಕಾಣುತ್ತಿಲ್ಲ, ಯಂತ್ರಕ್ಕೆ ಒಳಗೆ ಪ್ರಾಣವಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಇಷ್ಟು ಕತ್ತಲೆಯ ಶಿಕ್ಷಣವನ್ನು ನನ್ನ ವೃತ್ತಿಜೀವನದಲ್ಲೇ ನಾನು ಕಂಡಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಮೂರನೆಯ ಸಲ ಕೌದಿಯೊಂದಿಗೆ ಬಸ್ ನಿಲ್ದಾಣದಲ್ಲಿದ್ದೆ. ಏನಾದರೊಂದು ಮಾಡುತ್ತಿರಬೇಕಾಗಿತ್ತು, ಅದಕ್ಕೆ ಹೊರಟಿದ್ದೆ. ಸಾವಿತ್ರಿ ಕಾರ್ಖಾನೆಯ ಕಡೆ ಹೋಗುವ ಕಾಗವಾಡದ ಬಸ್ಸಿಗಾಗಿ ಅಲ್ಲೇ ನಿಂತಿದ್ದಳು. ಇಸ್ತ್ರಿ ಮಾಡಿದ ತಿಳಿನೀಲಿ ಸೀರೆ, ಕೈಯಲ್ಲಿ ಸರ್ಟಿಫಿಕೇಟಿನ ಪ್ಲಾಸ್ಟಿಕ್ ಚೀಲ. ಜೊತೆಗೆ ಅವಳ ತಾಯಿ ಬಂದಿದ್ದಳು. ಅಂದಿನ ಕೂಲಿ ಬಿಟ್ಟು ಬಂದಿದ್ದಳೆಂದು ಆಮೇಲೆ ತಿಳಿಯಿತು. ಮಗಳಿಗೆ ಯಂತ್ರ ಕೊಡಿಸಿದ ಸರ್ ಇವರೇ ಎಂದು ಸಾವಿತ್ರಿ ನನ್ನನ್ನು ತೋರಿಸಿದಾಗ ಆ ತಾಯಿ ಕೈಮುಗಿದಳು. ನನ್ನ ಕೈಯಲ್ಲಿ ಪೆಟ್ಟಿಗೆಯಿತ್ತು. ತಿರುಗಿ ಮುಗಿಯಲೂ ಆಗಲಿಲ್ಲ. ಸಾವಿತ್ರಿಗೆ ಏನಾದರೂ ಧೈರ್ಯ ಹೇಳಬೇಕೆಂದು ಬಾಯಿ ತೆರೆದೆ. ಅಲ್ಲಿ ಪರದೆ ಕಂಡರೆ ಹೆದರಬೇಡ ಎಂಬ ಮಾತು ಬಂತು. ನನ್ನ ಮಟ್ಟಿಗೆ ಅದು ತಮಾಷೆಯಾಗಿರಲಿಲ್ಲ. ಅವಳು ಗಂಭೀರವಾಗಿ ತಲೆಯಾಡಿಸಿದಳು.

ಕೊಲ್ಲಾಪುರದಲ್ಲಿ ಎಂದಿನಂತೆ ಎಲ್ಲ ಸರಿಯಾಗಿ ನಡೆಯಿತು, ನಿಪ್ಪಾಣಿಯಲ್ಲಿ ಎಂದಿನಂತೆ ನಡೆಯಲಿಲ್ಲ. ಆ ಸಂಜೆ ನಾನು ಪೆಟ್ಟಿಗೆಯ ಸ್ಕ್ರೂ ಬಿಚ್ಚಲೂ ಇಲ್ಲ. ಹಾಗೇ ಕೌದಿ ಹೊದಿಸಿ ಬಿಟ್ಟೆ.

ವಾರದ ಮೇಲೆ ಸಾವಿತ್ರಿ ಬಂದು, ಕೆಲಸ ಆಯಿತು ಎಂದಳು. ಅವಳು ಹೇಳಿದ ಪ್ರಕಾರ, ಪರೀಕ್ಷೆಗೆ ಬಂದಿದ್ದ ಒಂಬತ್ತು ಜನರಲ್ಲಿ ಹೆಚ್ಚಿನವರು ಪಟ್ಟಣದಲ್ಲಿ ಕಂಪ್ಯೂಟರ್ ಕಲಿತವರು. ಅವರೆಲ್ಲ ಒಂದು ಸಾಲು ಹೊಡೆಯುವುದು, ತಲೆಯೆತ್ತಿ ಪರದೆಯಲ್ಲಿ ನೋಡುವುದು, ತಪ್ಪಿದ್ದರೆ ಅಳಿಸುವುದು, ಮತ್ತೆ ಹೊಡೆಯುವುದು. ಇವಳು ತಲೆಯೆತ್ತಲೇ ಇಲ್ಲ. ಪತ್ರ ಮುಗಿಸಿ, ಕಂಟ್ರೋಲ್, ಕೆ, ಡಿ ಒತ್ತಿ, ಕೆಂಪು ದೀಪ ಮಿಣುಕಿದ್ದನ್ನು ನೋಡಿ ಎದ್ದು ನಿಂತಾಗ ಉಳಿದವರು ಇನ್ನೂ ಅರ್ಧದಲ್ಲಿದ್ದರು. ಅಲ್ಲಿಯ ಅಧಿಕಾರಿ, ಒಮ್ಮೆಯೂ ನೋಡಲಿಲ್ಲವಲ್ಲ, ಎಲ್ಲಿ ಕಲಿತೆ ಎಂದು ಕೇಳಿದರಂತೆ. ಶಕುಂತಲಾ ಅವಳ ಬೆನ್ನ ಮೇಲೆ ಕೈಯಿಟ್ಟು, ಮುಖ ಬೇರೆ ಕಡೆ ತಿರುಗಿಸಿ ನಿಂತಳು. ಸಾವಿತ್ರಿ ನನ್ನ ಕಡೆ ತಿರುಗಿದಳು.

"ನಿಮ್ಮಿಂದ ಭಾಳ ಉಪಕಾರ ಆತ್ರಿ ಸರ. ಇಲ್ಲಿ ಚಿತ್ರ ಬಂದಿದ್ರ ನಾನೂ ಅದನ್ನ ನೋಡಕೋತ ಕೂಡತಿದ್ನಿ."

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಆ ಹುಡುಗಿಗೆ ವ್ಯಂಗ್ಯ ಬರುತ್ತಿರಲಿಲ್ಲ. ಸೋತದ್ದಕ್ಕೆ ಬೈಸಿಕೊಂಡಿದ್ದೇನೆ, ನಗಿಸಿಕೊಂಡಿದ್ದೇನೆ. ಕೃತಜ್ಞತೆ ಹೇಳಿಸಿಕೊಂಡದ್ದು ಅದೇ ಮೊದಲು. ಅದನ್ನು ಹೇಗೆ ಸ್ವೀಕರಿಸಬೇಕೆಂದು ತಿಳಿಯದೆ, ಆಗಲಿ ಎಂದೆ.

ಕೆಲಸಕ್ಕೆ ಸೇರಿ ತಿಂಗಳಾದ ಮೇಲೆ ಒಂದು ಭಾನುವಾರ ಅವಳು ಬಾಯಾರನ್ನು, ಅಂದರೆ ಶಕುಂತಲಾಳನ್ನು, ಮಾತಾಡಿಸಲು ಬಂದಳು. ಮೂಲೆಯಲ್ಲಿ ಕೌದಿ ಹೊದ್ದು ಕೂತ ಪೆಟ್ಟಿಗೆಯನ್ನು ಕಂಡು, ಇನ್ನೂ ಹಾಗೇ ಇದೆಯೇ ಎಂದು ಕೇಳಿದಳು. ಅವರ ಕಚೇರಿಯಲ್ಲಿ ಮೇಜು ಸರಿಸಿದಾಗ ಒಮ್ಮೆ ಹೀಗೆಯೇ ಆಗಿತ್ತಂತೆ. ಅಲ್ಲಿಯವರು ಮೊದಲು ವಾಯರಿನ ತುದಿ ನೋಡುವುದನ್ನು ಕಲಿಸಿದ್ದರಂತೆ. ನನ್ನ ಅಪ್ಪಣೆ ಪಡೆದು ಮಾನಿಟರಿನ ವಾಯರನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದಳು. ತುದಿಯಲ್ಲಿ ಮೂರು ಸಾಲಾಗಿ ಸೂಜಿಯಂಥ ಪಿನ್ನುಗಳಿದ್ದವು. "ಬಾಯಾರ, ಇದರಾಗ ಒಂದ ಮಲಗೇತಿ ನೋಡ್ರಿ" ಎಂದಳು. ಶಕುಂತಲಾ ಬಂದು ನೋಡಿದಳು. ನಾನೂ ನೋಡಿದೆ. ಮೇಲಿನ ಸಾಲಿನ ಎರಡನೆಯ ಪಿನ್ನು ಗೋಡೆಗೆ ಒರಗಿ ಆರಾಮವಾಗಿ ಮಲಗಿತ್ತು. ಕಪ್ಪುಬಿಳುಪಿನ ಮಾನಿಟರಿಗೆ ಚಿತ್ರ ಹೋಗುವುದು ಅದೊಂದೇ ಪಿನ್ನಿನಿಂದ ಎಂಬುದನ್ನು ನಾನು ಆಮೇಲೆ ಪುಸ್ತಕದಲ್ಲಿ ಓದಿ ತಿಳಿದೆ. ಮೂರು ಸಲ ಕೊಲ್ಲಾಪುರಕ್ಕೆ ಹೋಗಿ ಬಂದದ್ದು ಪೆಟ್ಟಿಗೆ; ವಾಯರು ಮಾನಿಟರಿನ ಬೆನ್ನಿಗೆ ಅಂಟಿಕೊಂಡು ಮನೆಯಲ್ಲೇ ಇತ್ತು.

ಇಲ್ಲಿ ಒಂದು ವಿಷಯವನ್ನು ಓದುಗರಿಂದ ಇಷ್ಟು ಹೊತ್ತು ಮುಚ್ಚಿಟ್ಟಿದ್ದೆ. ಜೋಡಿಸಿದ ಆ ಮೊದಲ ಭಾನುವಾರ, ವಾಯರನ್ನು ಸಿಕ್ಕಿಸುವಾಗ ಅದು ಒಳಗೆ ಹೋಗಲಿಲ್ಲ. ನಾನು ತಲೆಕೆಳಗಾಗಿ ಹಿಡಿದಿದ್ದೆ. ಸ್ವಲ್ಪ ಬಲ ಹಾಕಿದೆ. ಏನೋ ಕಟಕ್ಕೆಂದಿತು. ಆಮೇಲೆ ತಿರುಗಿಸಿ ಹಾಕಿದಾಗ ಸರಿಯಾಗಿ ಕೂತಿತು. ಆ ಸಪ್ಪಳವನ್ನು ನಾನು ಹೆಂಡತಿಗಿರಲಿ, ನನಗೂ ಹೇಳಿಕೊಂಡಿರಲಿಲ್ಲ.

ಶಕುಂತಲಾ ತನ್ನ ಡಬ್ಬಿಯಿಂದ ಮಸಿ ಕೀಳುವ ಸೂಜಿ ತಂದು, ಮಲಗಿದ ಪಿನ್ನನ್ನು ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಗುಂಡಿ ಒತ್ತಿದಳು. ಪರದೆಯ ಮೇಲೆ ಬಿಳಿಯ ಅಕ್ಷರಗಳು ಬಂದವು. ಹಾಳೆಯಲ್ಲಿದ್ದಂತೆ ಪತ್ರಗಳ ಪಟ್ಟಿ ತೆರೆದರೆ, ಹತ್ತು ದಿನ ಆ ಕತ್ತಲೆಯಲ್ಲಿ ಹೊಡೆದ ಪತ್ರಗಳೆಲ್ಲ ಒಂದರ ಕೆಳಗೊಂದು ಕೂತಿದ್ದವು. ಯಾವುದೂ ಕಳೆದಿರಲಿಲ್ಲ. ಯಂತ್ರ ಮೊದಲಿನಿಂದಲೂ ನೆಟ್ಟಗಿತ್ತು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಇಟ್ಟುಕೊಂಡಿತ್ತು. ಸಾವಿತ್ರಿ ತನ್ನ ಮೊದಲ ಪತ್ರವನ್ನು ತೆರೆದು, ಮೊದಲ ಸಲ ತನ್ನ ಅಕ್ಷರಗಳನ್ನು ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ಬಸ್ಸಿನ ಹೊತ್ತಾಯಿತೆಂದು ಶಕುಂತಲಾ ಅವಳನ್ನು ಓಣಿಯ ತುದಿಯವರೆಗೆ ಕಳಿಸಲು ಹೋದಳು.

ನಾನೊಬ್ಬನೇ ಕೂತು ಪತ್ರಗಳನ್ನು ಒಂದೊಂದಾಗಿ ತೆರೆದೆ. ರಜೆಯ ಅರ್ಜಿ, ಬೆಲೆಪಟ್ಟಿ ಕೇಳುವ ಪತ್ರ, ಸಭೆಯ ಸೂಚನೆ. ಕೊನೆಯದು ದೂರಿನ ಪತ್ರ. ಕೆಟ್ಟ ಸರಕು ಬಂದಾಗ ಕಳಿಸಿದವರಿಗೆ ಬರೆಯುವಂಥದ್ದು. ಶಕುಂತಲಾ ಪುಸ್ತಕ ನೋಡದೆ ಬಾಯಿಂದ ಹೇಳಿದ್ದಿರಬೇಕು. ಆ ಇಂಗ್ಲಿಷ್ ಪತ್ರದ ತಾತ್ಪರ್ಯ ಇಷ್ಟು:

'ಮಾನ್ಯರೇ, ತಾವು ಕಳಿಸಿದ ಸರಕು ನಮಗೆ ಸುಸ್ಥಿತಿಯಲ್ಲಿ ತಲುಪಿತ್ತು. ಬೆಳಿಗ್ಗೆ ತಾನಾಗಿಯೇ ಚಾಲೂ ಆಗುತ್ತದೆ. ದಿನವಿಡೀ ಗುರುಗುಡುತ್ತದೆ, ಬೇಗ ಬಿಸಿಯಾಗುತ್ತದೆ. ಒಳಗೆ ಬಹಳ ಕೆಲಸ ನಡೆದಿರುವಂತೆ ತೋರುತ್ತದೆ. ಆದರೆ ಹೊರಗೆ ಏನೂ ಕಾಣಿಸುವುದಿಲ್ಲ. ಹದಿನಾಲ್ಕು ವರ್ಷದಿಂದ ಉಪಯೋಗದಲ್ಲಿದೆ. ವಾಪಸು ತೆಗೆದುಕೊಳ್ಳಿರೆಂದು ನಾವು ಕೇಳುತ್ತಿಲ್ಲ. ನಡೆಸುವ ಕ್ರಮವನ್ನು ತಿಳಿಸುವ ಪುಸ್ತಕವೇನಾದರೂ ತಮ್ಮಲ್ಲಿದ್ದರೆ ದಯವಿಟ್ಟು ಕಳಿಸಿಕೊಡಬೇಕು.'

ಮೇಲೆ ವಿಳಾಸದ ಜಾಗದಲ್ಲಿ ರಾಯಬಾಗ ಎಂದಿತ್ತು. ರಾಯಬಾಗದಲ್ಲಿ ನಮ್ಮ ತಾಯಿ ಇರುತ್ತಾರೆ. ನಮ್ಮ ಮದುವೆಯಾಗಿ ಆ ವರ್ಷಕ್ಕೆ ಹದಿನಾಲ್ಕು.

ಪತ್ರವನ್ನು ಎರಡನೆಯ ಸಲ ಓದಿದೆ. ಮೂರನೆಯ ಸಲ, ಉತ್ತರಪತ್ರಿಕೆ ತಿದ್ದುವ ಕಣ್ಣಿನಿಂದ, ಒಂದಾದರೂ ತಪ್ಪು ಸಿಕ್ಕೀತೆಂದು ಸಾಲುಸಾಲಾಗಿ ಹುಡುಕಿದೆ. ಕಣ್ಣು ಮುಚ್ಚಿ ಹೊಡೆದ ಆ ಪತ್ರದಲ್ಲಿ ಕಾಗುಣಿತದ ತಪ್ಪೂ ಇರಲಿಲ್ಲ, ಸಂಗತಿಯದ್ದೂ ಇರಲಿಲ್ಲ.